ಪರದೆಯ ಮೇಲೆ ಜಾರದ ಮೂಳೆ

ರಾಜಣ್ಣನವರು ಬಲ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ನಡೆಯುತ್ತಿದ್ದರು. ಕ್ರೋಂಪೇಟೆಯ ನಮ್ಮ ವಠಾರದಲ್ಲಿ ಎಲ್ಲರಿಗೂ ಅದೊಂದು ತಮಾಷೆ. "ಕಂಕುಳಲ್ಲಿ ಏನು ಬಚ್ಚಿಟ್ಟಿದ್ದೀರಿ?" ಎಂದು ನಾನೂ ರೇಗಿಸಿದ್ದೇನೆ. "ನಮ್ಮತ್ತೆ ಕೊಟ್ಟ ಬಂಗಾರ ಕಣಪ್ಪ, ಬುಟ್ರೆ ಬಿದ್ದೋಯ್ತದೆ" ಎನ್ನುತ್ತಿದ್ದರು.

ಮಂಡ್ಯದ ಕಡೆಯವರು, ಈ ತಮಿಳು ಊರಿನಲ್ಲಿ ಲೋಕಲ್ ರೈಲಿನ ಚಾಲಕರು. ಆ ರೈಲಿನ ಹಿಡಿಯನ್ನು ಸದಾ ಒತ್ತಿ ಹಿಡಿದಿರಬೇಕು. ಕೈ ಸಡಿಲಾದರೆ ಗಾಡಿ ತಾನಾಗಿಯೇ ನಿಂತುಬಿಡುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಿಲ್ದಾಣದ ಮೆಟ್ಟಿಲ ಮೇಲೆ ಅಂಗೈ ಊರಿ ಬಿದ್ದಿದ್ದರು. ಅಂದಿನಿಂದ ಮಣಿಕಟ್ಟಿನೊಳಗೆ ಏನೋ ಟಕ್ಕೆಂದು ಜಾರುತ್ತಿತ್ತಂತೆ. ಹೇಳಿಕೊಂಡರೆ ಗಾಡಿಯಿಂದ ಇಳಿಸಿ ಮೇಜಿನ ಮುಂದೆ ಕೂರಿಸುತ್ತಾರೆಂಬ ಭಯ. ಮೊಣಕೈ ಬಿಗಿಹಿಡಿದು ಹೆಬ್ಬೆರಳನ್ನು ಒಳಗೆ ಮಡಚಿದರೆ ಮೂಳೆ ಜಾರುವುದಿಲ್ಲವೆಂದು ಕಂಡುಕೊಂಡರು. ವರ್ಷಗಟ್ಟಲೆ ಹಾಗೆಯೇ ಗಾಡಿ ಓಡಿಸಿದರು.

ನೋವು ತಡೆಯಲಾರದೆ ಬಾಯಿಬಿಟ್ಟಾಗ ಯಾರೂ ನಂಬಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಜೊತೆಯವರು ಕೆಲಸಗಳ್ಳ ಎಂದರು. ಪೋರೂರಿನ ಒಂದು ಆಸ್ಪತ್ರೆಯಲ್ಲಿ ಕೈ ಆಡುವಾಗಲೇ ಒಳಗಿನ ಮೂಳೆಗಳನ್ನು ಪರದೆಯ ಮೇಲೆ ನೋಡಿ, ಎಷ್ಟು ಸರಿಯುತ್ತವೆಂದು ಅಳೆಯುತ್ತಾರೆಂದು ತಿಳಿದಾಗ ಅವರಿಗೆ ಹೋದ ಜೀವ ಬಂದಂತಾಯಿತು. ನಾನು ರಜೆ ಹಾಕಿ ಜೊತೆಗೆ ಹೋದೆ.

ಡಾಕ್ಟರು ಮುಷ್ಟಿ ಬಿಗಿಯಲು, ಕೈಯನ್ನು ಆ ಕಡೆ ಈ ಕಡೆ ಆಡಿಸಲು ಹೇಳಿದರು. ಪರದೆಯ ಮೇಲೆ ಪುಟ್ಟ ಮೂಳೆಗಳು ಒಟ್ಟಾಗಿ ಸರಿದವು, ಒಟ್ಟಾಗಿ ಮರಳಿದವು. ಎಡಗೈಯನ್ನೂ ಅಳೆದರು. ವ್ಯತ್ಯಾಸವೇ ಇಲ್ಲ. ಆಗ ನಾನು ರಾಜಣ್ಣನವರ ಮೊಣಕೈ ನೋಡಿದೆ. ಪಕ್ಕೆಗೆ ಅಂಟಿಕೊಂಡಿತ್ತು, ಹೆಬ್ಬೆರಳು ಒಳಗೆ.

"ರಾಜಣ್ಣ, ಬಿಗಿ ಬಿಡಿ" ಎಂದೆ. ಬಿಟ್ಟರು. ತಿರುಗಿಸುವಷ್ಟರಲ್ಲಿ ಕೈ ಮತ್ತೆ ಬಿಗಿದಿತ್ತು. "ಸಾರ್, ಇನ್ನೊರು ತಡವೆ ಪಾರುಂಗೊ" ಎಂದು ತಮಿಳಿನಲ್ಲಿ, ಇನ್ನೊಮ್ಮೆ ನೋಡುವಂತೆ ಡಾಕ್ಟರನ್ನು ಗೋಗರೆದರು. ಮತ್ತೆ ನೋಡಿದರೂ ಅಷ್ಟೇ. ಕಾಣದ್ದಕ್ಕೆ ಆಪರೇಷನ್ ಮಾಡಲಾರೆನೆಂದು ಡಾಕ್ಟರು ಮೃದುವಾಗಿಯೇ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟರು. "ಬಚ್ಚಿಡೋದ ನಾನೇ ಕಲಿಸ್ದೆ ಈ ಕೈಗೆ. ಈಗ ನನ್ ಮಾತೇ ಕೇಳಾಕಿಲ್ಲ ಅಂತದೆ."

ಮತ್ತೆ ಕೆಲಸಕ್ಕೆ ಹೋದರು. ನೋವಿಗೆ ಹಿಡಿ ಸಡಿಲಾಗಿ ನಿಲ್ದಾಣಗಳ ನಡುವೆ ಗಾಡಿ ನಿಂತುಬಿಟ್ಟಿತು, ಒಮ್ಮೆಯಲ್ಲ. ಕೊನೆಗೆ ತಾವಾಗಿಯೇ ನಿವೃತ್ತಿ ಬರೆದುಕೊಟ್ಟು, ಹೆಂಡತಿಯನ್ನು ಮುಂಚೆ ಕಳುಹಿಸಿ ಊರಿಗೆ ಹೊರಟರು. ಮೈಸೂರು ರೈಲಿಗೆ ಹತ್ತಿಸಲು ಸೆಂಟ್ರಲ್ ನಿಲ್ದಾಣಕ್ಕೆ ಹೋಗಿದ್ದೆ. ಆ ಮೇಲೆ ನಾನು ಅವರನ್ನು ನೋಡಲಿಲ್ಲ.

ಅಂದು ಗಾಡಿ ತಡವಿತ್ತು. ಮಧ್ಯಾಹ್ನದ ಸೆಕೆಗೆ ಬೆಂಚಿನಲ್ಲೇ ನಿದ್ದೆಹೋದರು. ಬಿಗಿ ಸಡಿಲಿ ಬಲಗೈ ಬೆಂಚಿನಿಂದ ಕೆಳಗೆ ಜೋತುಬಿತ್ತು. ನೋಯುತ್ತದೆಂದು ಮಣಿಕಟ್ಟು ಹಿಡಿದು ಮೆಲ್ಲಗೆ ಎತ್ತಿದೆ. ನನ್ನ ಬೆರಳಿನಡಿ ಟಕ್ಕೆಂದು ಮೂಳೆ ಜಾರಿತು. ಅವರು ಕಣ್ಣುಬಿಟ್ಟರು.

"ಜಾರಿತು ರಾಜಣ್ಣ. ನನ್ನ ಕೈಗೇ ಸಿಕ್ಕಿತು."

ತಮ್ಮ ಕೈಯನ್ನೇ ನೋಡಿದರು.

"ನಿಜ್ವಾ? ನಂಗೇ ಅನ್ಮಾನ ಬಂದ್ಬುಟ್ಟಿತ್ತು ಕಣಪ್ಪ."