ಮನೆಯ ಐದು ನಿಮಿಷ

ಬಾಯ್ಲರಿನ ಗೋಡೆಯಲ್ಲಿ ಅಂಗೈಯಗಲದ ಕಿಂಡಿಯೊಂದಿದೆ, ಅದಕ್ಕೆ ನೀಲಿ ಗಾಜು. ಆಪರೇಟರ್ ಕಣ್ಣು ಕಿರಿದು ಮಾಡಿ ಇಣುಕುತ್ತಿದ್ದ ಹಾಗೆಯೇ ಒಳಗಿನ ಉರಿ ಎರಡು ಸಲ ತತ್ತರಿಸಿ ಆರಿಹೋಯಿತು.

"ಎಣ್ಣೇಲಿ ನೀರು," ಎಂದ ಹಿಂದೆ ನಿಂತಿದ್ದ ಪಂಪಿನ ಮೇಸ್ತ್ರಿ. "ಟ್ಯಾಂಕಿನ ತಳದ್ದು ಎಳ್ಕೊಂಡುಬಿಟ್ಟಿದೆ. ಬೇರೆ ಟ್ಯಾಂಕಿಗೆ ತಿರುಗಿಸ್ತೀನಿ, ಇರಿ."

ಎಣ್ಣೆ ಸುಟ್ಟು ವಿದ್ಯುತ್ ತಯಾರಿಸುವ, ವರ್ಷದ ಬಹುಪಾಲು ಸುಮ್ಮನೆ ಬಿದ್ದಿರುವ ಸ್ಥಾವರ ಇದು. ಎಣ್ಣೆ ದುಬಾರಿ. ನೀರಿನ, ಕಲ್ಲಿದ್ದಲಿನ ವಿದ್ಯುತ್ತು ಸಾಲದೆ ಬಂದ ದಿನ ಮಾತ್ರ ಇದರ ನೆನಪಾಗುತ್ತದೆ. ದೇಶದ ವಿದ್ಯುತ್ತಿನಲ್ಲಿ ಇದರ ಪಾಲು ಚಿಟಿಕೆಯಷ್ಟು. ಆ ಚಿಟಿಕೆ ಬೀಳದಿದ್ದರೆ ಕೆಲವು ಸಂಜೆ ಲೆಕ್ಕ ಕೂಡುವುದಿಲ್ಲ. ಅವತ್ತು ಬೆಳಿಗ್ಗೆ ದೊಡ್ಡ ಕಲ್ಲಿದ್ದಲು ಸ್ಥಾವರವೊಂದು ಕೆಟ್ಟು ನಿಂತಿತ್ತು. ಜನ ಮನೆಗೆ ಮರಳಿ ದೀಪ ಹಾಕುವ ಹೊತ್ತಿಗೆ ಸಿದ್ಧವಾಗಿರಿ ಎಂದು ವಿದ್ಯುತ್ ಹಂಚಿಕೆ ಕೇಂದ್ರದಿಂದ ಆದೇಶ ಬಂದಿತ್ತು.

ಆ ಕೇಂದ್ರದಲ್ಲಿ ಸಂಜೆಯ ಪಾಳಿ ಆಪರೇಟರ್‌ನ ಮಗಳದು. ಒಬ್ಬಳೇ ಪಾಳಿ ನಿಭಾಯಿಸಲು ತೊಡಗಿ ಅದು ಮೊದಲ ವಾರ. ಕೇಂದ್ರಕ್ಕೂ ಸ್ಥಾವರಕ್ಕೂ ನಡುವಿನ ಫೋನಿನಲ್ಲಿ ಆಡಿದ್ದೆಲ್ಲ ಧ್ವನಿಮುದ್ರಣವಾಗುತ್ತದೆ; ಹಾಗಾಗಿ ಅಲ್ಲಿ ಅವನು "ಸರ್", ಅವಳು "ಮೇಡಂ".

ಫೋನು ಬಡಿದುಕೊಂಡಿತು.

"ಸರ್, ನಿಮ್ಮದು ಇನ್ನೂ ಬಂದಿಲ್ಲ. ಗ್ರಿಡ್ ಕುಸೀತಾ ಇದೆ. ಎಷ್ಟು ಹೊತ್ತು?"

ಉರಿ ಆರಿದ ಮೇಲೆ ಬಾಯ್ಲರಿನೊಳಗೆ ಎಣ್ಣೆಯ ಆವಿ ಉಳಿದಿರುತ್ತದೆ. ಗಾಳಿ ಹೊಡೆದು ಅದನ್ನು ಹೊರಹಾಕದೆ ಕಿಡಿ ಕೊಟ್ಟರೆ ಬಾಯ್ಲರೇ ಸಿಡಿಯಬಹುದು. ಹಾಗಾಗದಂತೆ ಯಂತ್ರವೇ ತಡೆಯುತ್ತದೆ. ಆ ತಡೆ ತೆಗೆಯುವ ಕೀಲಿ, ದುರಸ್ತಿಯವರಿಗೆಂದು ಇಟ್ಟದ್ದು, ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಮಗಳ ಮರ್ಯಾದೆ ಪ್ರಶ್ನೆ ಅಣ್ಣ," ಮೇಸ್ತ್ರಿ ಪಿಸುಗುಟ್ಟಿದ. "ಕೀಲಿ ಹಾಕಿ ಹಚ್ಚಿಬಿಡಿ. ಹಿಂದೆ ಯಾರೂ ಹಚ್ಚಿಲ್ವಾ?"

"ಹಚ್ಚಿದವನ ಹುಬ್ಬು ನೋಡಿದೀಯಾ?"

"ಅವನಿಗೆ ಹುಬ್ಬೇ ಇಲ್ವಲ್ಲ."

"ಅದೇ."

ಹಾಗೆಂದವನ ಕೈ ಮಾತ್ರ ಆಗಲೇ ಕೀಲಿಯ ಮೇಲಿತ್ತು. ತಾನು ಕೈಕೊಟ್ಟರೆ ಗ್ರಿಡ್ ಉಳಿಸಲು ಅವಳು ಅರ್ಧ ಊರಿಗೆ ಕತ್ತಲು ಮಾಡಬೇಕು, ಅದೂ ಮೊದಲ ವಾರದಲ್ಲೇ.

"ಐದು ನಿಮಿಷ, ಮೇಡಂ."

ಅಪ್ಪನ ಐದು ನಿಮಿಷ ಅವರ ಮನೆಯ ಹಳೇ ತಮಾಷೆ. ಐದೇ ನಿಮಿಷದಲ್ಲಿ ಬಂದೆ ಎಂದವನಿಗಾಗಿ ಕಾದು ಕಾದು ಬಡಿಸಿಟ್ಟ ಊಟ ತಣ್ಣಗಾಗುತ್ತಿತ್ತು.

"ಅಪ್ಪಾ," ಎಂದಳು, ಧ್ವನಿಮುದ್ರಣ ಲೆಕ್ಕಿಸದೆ. "ಇದು ಪ್ಲಾಂಟಿನ ಐದು ನಿಮಿಷಾನಾ, ಮನೇದಾ?"

ಅವನು ಕೀಲಿ ಬಿಟ್ಟ. ಅದು ಮೊಳೆಯಲ್ಲಿ ಸ್ವಲ್ಪ ಹೊತ್ತು ತೂಗಾಡಿತು.

"ಮನೇದು ಕಣಮ್ಮಾ. ನನ್ನ ನೆಚ್ಕೋಬೇಡ. ಕರೆಂಟ್ ಕಟ್ ಮಾಡು."

"ನಮ್ಮ ಬಡಾವಣೇನೂ ಸೇರುತ್ತೆ."

"ಸೇರಲಿ. ನಿಮ್ಮಮ್ಮನ ಬೈಗುಳ ನನ್ನ ಪಾಲಿಗಿರಲಿ."

ಕಿಟಕಿಯಾಚೆ ಬೀದಿದೀಪಗಳು ಸಾಲುಸಾಲಾಗಿ ಆರಿದವು. ಬಾಯ್ಲರಿಗೆ ಗಾಳಿ ಹೊಡೆಯುವ ಫ್ಯಾನುಗಳು ಮೊರೆಯುತ್ತಿದ್ದವು. ಅಷ್ಟರಲ್ಲಿ ಅವನ ಜೇಬಿನ ಫೋನು ಅದುರಿತು.

"ಅಪ್ಪ ಮಗಳು ಇಬ್ಬರೂ ಕರೆಂಟಿನ ಮನೇಲೇ ಕೂತಿದ್ದೀರಿ. ನಾನಿಲ್ಲಿ ಕತ್ತಲಲ್ಲಿ ತಡಕಾಡ್ಬೇಕಾ?" ಹೆಂಡತಿ ರೇಗಿದಳು.

"ಐದು ನಿ..." ಎಂದವನು ತಡೆದ. "ಒಂದು ಗಂಟೆ ಆಗುತ್ತೆ ಕಣೇ."

ಗಾಳಿ ಹೊಡೆದು ಮುಗಿಸಿ ಕಿಡಿ ಕೊಟ್ಟರು. ಈ ಸಲ ಉರಿ ನಿಂತಿತು. ಗ್ರಿಡ್ ಪೂರ್ತಿ ಕುಸಿಯಲಿಲ್ಲ. ಬಡಾವಣೆಗೆ ಕರೆಂಟು ಬಂದಾಗ ಗಂಟೆಯ ಮೇಲೂ ಆಗಿತ್ತು.

ಊರಿಗೆ ಕತ್ತಲಾದದ್ದರ ತನಿಖಾ ಸಮಿತಿ ಸೋಮವಾರ ಆ ಸಂಭಾಷಣೆಯ ಧ್ವನಿಮುದ್ರಣ ಕೇಳಲಿದೆ. ತಂದೆ, ಮಗಳು ಇಬ್ಬರಿಗೂ ಕರೆ ಹೋಗಿದೆ, ಬೇರೆ ಬೇರೆ ಹೊತ್ತಿಗೆ.