ನೀರಿಗೆ ಹೆಪ್ಪು ಹಾಕುವ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ, ಹೊಲಿಗೆ ಮೆಷಿನ್ನಿಗೂ ಮಂಚಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಮನೆಮನೆಗೆ ಹೋಗಿ ಮೀನಿನ ತೊಟ್ಟಿ ತೊಳೆಯುವ ತೊಟ್ಟಿಯಕ್ಕ ಮೊಣಕಾಲೂರಿ ಕೂತಿದ್ದಾರೆ. ಕೈಯಲ್ಲಿ ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಎದುರಿನ ಮೀನಿನ ತೊಟ್ಟಿಯ ನೀರು. ಅದಕ್ಕೆ ಔಷಧದ ಹನಿ ಬಿಟ್ಟು, ಕೊಳವೆಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಹಳದಿಯಾಗಿಯೇ ನಿಂತರೆ ಮೀನು ಬಿಡಬಹುದು. ಹಸಿರಿಗೆ ತಿರುಗಿದರೆ ನೀರಿನಲ್ಲಿ ಇನ್ನೂ ವಿಷವಿದೆ ಎಂದು ಅರ್ಥ.

ತೊಟ್ಟಿಯಲ್ಲಿ ಕಲ್ಲಿದೆ, ದೀಪವಿದೆ, ಬುಳುಬುಳು ಗುಳ್ಳೆ ಬಿಡುವ ಫಿಲ್ಟರ್ ಇದೆ. ಮೀನು ಮಾತ್ರ ಇಲ್ಲ. ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿರುವ ಅಜ್ಜಿಗೆ ಹಗಲೆಲ್ಲ ನೋಡಲು ಇರುವುದು ಅದೊಂದೇ. "ಬರೀ ನೀರು ನೋಡ್ತಾ ಬಿದ್ದಿರೋಕೆ ನಾನೇನು ಕೆರೆ ಕಾವಲಿನವಳಾ?" ಎಂದು ಅವರು ಸೊಸೆಯ ಮೇಲೆ ಹರಿಹಾಯುತ್ತಾರೆ. ಸೊಸೆ ಈ ಮನೆಯಲ್ಲೇ ಕೂತು ಬಟ್ಟೆ ಹೊಲಿಯುವ ಟೈಲರ್. ಅತ್ತೆಯ ಬೈಗುಳಕ್ಕಿಂತ ಅತ್ತೆ ಮುಟ್ಟದೆ ಬಿಡುವ ತಟ್ಟೆಯೇ ಅವರಿಗೆ ಹೆಚ್ಚು ಚಿಂತೆ ತಂದಿದೆ.

ಆಗಿದ್ದಿಷ್ಟು. ಅಂಗಡಿಯಿಂದ ತಂದ ಹೊಸ ಮೀನೊಂದು ಬಿಳಿ ಚುಕ್ಕೆ ರೋಗವನ್ನು ಮನೆಗೆ ಹೊತ್ತು ತಂದಿತು. ಮೈಮೇಲೆ ಉಪ್ಪು ಉದುರಿಸಿದಂತೆ ಚುಕ್ಕೆ ಎದ್ದು, ಒಂದರ ಹಿಂದೊಂದು ಮೀನು ಸತ್ತವು. ಉಳಿದದ್ದು ಗುಂಡ ಒಬ್ಬನೇ. ಅಜ್ಜಿಯೇ ಹೆಸರಿಟ್ಟು, ಅಜ್ಜಿಯೇ ಕಾಳು ಹಾಕಿ ಕೊಬ್ಬಿಸಿದ ಕಿತ್ತಳೆ ಬಣ್ಣದ ಹೊಟ್ಟೆಬಾಕ. ಅವನಿಗೀಗ ಅಡುಗೆಮನೆಯ ಮೂಲೆಯ ಬಕೆಟ್ಟಿನಲ್ಲಿ ಉಪ್ಪುನೀರಿನ ಚಿಕಿತ್ಸೆ. ಎದ್ದು ಹೋಗಿ ನೋಡಲಾರದ ಅಜ್ಜಿ ಮಾತ್ರ ಅವನೂ ಸತ್ತಿದ್ದಾನೆ, ಇವರೆಲ್ಲ ಸೇರಿ ಮುಚ್ಚಿಡುತ್ತಿದ್ದಾರೆ ಎಂದೇ ನಂಬಿಬಿಟ್ಟಿದ್ದಾರೆ. ಸುಳ್ಳು ಹೇಳುವವರ ಕೈಯ ಊಟ ನನಗೆ ಬೇಡ ಎಂದು ಪಟ್ಟು ಹಿಡಿದಿದ್ದಾರೆ.

ಕೊಳವೆಯ ನೀರು ಹಸಿರಾಗುತ್ತದೆ. ತೊಟ್ಟಿಯಕ್ಕನ ಮುಖ ಸಪ್ಪಗಾಗುತ್ತದೆ. ಲೆಕ್ಕದ ಪ್ರಕಾರ ಇವತ್ತಿಗೆ ಹಳದಿ ಬರಬೇಕಿತ್ತು. ಏನೋ ಅನುಮಾನ ಬಂದು ಫಿಲ್ಟರ್ ಬಿಚ್ಚಿ ಸ್ಪಂಜು ಹೊರತೆಗೆಯುತ್ತಾರೆ. ಅದು ಹೊಸದರಂತೆ ಬೆಳ್ಳಗಿದೆ.

"ಇದನ್ನ ಯಾರು ತೊಳೆದದ್ದು?"

"ನಾನೇ ಅಕ್ಕ," ಟೈಲರ್ ಹೆಮ್ಮೆಯಿಂದ ಹೇಳುತ್ತಾರೆ. "ಕಂದು ಬಣ್ಣಕ್ಕೆ ತಿರುಗಿ ಗಲೀಜಾಗಿತ್ತು. ರೋಗ ಬಂದ ತೊಟ್ಟಿ ಅಲ್ವಾ? ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ಹಿಂಡಿ ತೊಳೆದಿಟ್ಟೆ."

"ಅಯ್ಯೋ ತಾಯಿ! ಅದು ಗಲೀಜಲ್ಲ, ಹೆಪ್ಪು!"

ಹೆಪ್ಪು ಎನ್ನುವುದು ತೊಟ್ಟಿಯಕ್ಕನದೇ ಮಾತು. ರೋಗ ಹೊಕ್ಕ ತೊಟ್ಟಿಯನ್ನು ಬರಿದು ಮಾಡಿ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು ಬಿಸಿಲಿಗೆ ಒಣಗಿಸುವುದು ಅವರ ಕೆಲಸದ ಸುಲಭದ ಭಾಗ. ಹಾಗೆ ತೊಳೆದಾಗ ರೋಗದ ಜೊತೆಗೆ, ಮೀನಿನ ಹೊಲಸನ್ನು ತಿಂದು ನೀರನ್ನು ಹಸನಾಗಿಡುವ ಒಳ್ಳೆಯ ಜೀವಾಣುಗಳೂ ಸಾಯುತ್ತವೆ. ಅವು ಮತ್ತೆ ಹುಟ್ಟಿಕೊಳ್ಳಬೇಕು. ಅದಕ್ಕೆ ಆರೋಗ್ಯವಾಗಿರುವ ತೊಟ್ಟಿಯ ಹಳೇ ಸ್ಪಂಜಿನ ತುಂಡೊಂದನ್ನು ಫಿಲ್ಟರಿನಲ್ಲಿಟ್ಟು, ಮೀನಿಲ್ಲದ ನೀರಿಗೆ ಆ ಜೀವಾಣುಗಳ ಆಹಾರಕ್ಕೆಂದು ದಿನವೂ ಚಿಟಿಕೆ ಕಾಳು ಹಾಕುತ್ತಾ ಕಾಯಬೇಕು. "ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮೊಸರಾಯ್ತಾ ಮೊಸರಾಯ್ತಾ ಅಂತ ಅಲ್ಲಾಡಿಸ್ತಾ ಕೂತ್ರೆ ಆಗುತ್ತಾ?" ಎನ್ನುತ್ತಾರೆ ಅಕ್ಕ.

ಬೈಯಲು ಬಾಯಿ ತೆರೆದವರು ಹಾಗೇ ನಕ್ಕುಬಿಡುತ್ತಾರೆ. ಅವರೂ ಇದೇ ತಪ್ಪು ಮಾಡಿದವರು. ಹಿಂದೆ ತಂಪು ಪಾನೀಯದ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದರು. ಕಾರ್ಖಾನೆಗೆ ಬೀಗ ಬಿದ್ದಾಗ ಮೀನಿನ ಅಂಗಡಿಯ ಯಜಮಾನರು, ಗಾಜು ತೊಳೆಯಲು ಬರುತ್ತದಲ್ಲ ಎಂದು ಕರೆದರು. "ಮೊದಲನೇ ತೊಟ್ಟಿ ಕನ್ನಡಿ ಥರ ಹೊಳೀತಿತ್ತು. ನಾನೇ ನೋಡಿ ಖುಷಿಪಟ್ಟೆ. ವಾರ ಕಳೆಯೋದ್ರಲ್ಲಿ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದ್ವು. ಬಾಟಲಿಗೆ ಜೀವ ಇಲ್ಲ, ತೊಟ್ಟಿಗೆ ಇದೆ. ಅಷ್ಟು ಕಲಿಯೋಕೆ ಪಾಪ, ಅವು ಸಾಯಬೇಕಾಯ್ತು."

ಈಗ ಅಕ್ಕ, ಜನ ಕೆಲಸಕ್ಕೆ ಹೊರಡುವ ಮುನ್ನ, ನಾಲ್ಕೈದು ಮನೆ ಮುಗಿಸುತ್ತಾರೆ. ಬಕೆಟ್ಟು, ಪೈಪು ಹೊತ್ತು ಮಹಡಿ ಹತ್ತಿ ಹತ್ತಿ ಮಂಡಿ ಸವೆದಿದೆ. ಬ್ಲೀಚಿಂಗ್ ತಾಗಿ ಬೆರಳ ಸಂದು ಬಿರಿದಿದೆ. "ಇವಳು ಬಡಿಸೋಕೆ ಬಂದ್ರೆ ಮೊದಲು ಆಸ್ಪತ್ರೆ ವಾಸನೆ, ಆಮೇಲೆ ಊಟದ ವಾಸನೆ," ಎಂದು ಗಂಡ ಛೇಡಿಸುತ್ತಾರೆ. ಅಕ್ಕನ ಮನೆಯ ಕಿಟಕಿಯ ಬಳಿಯೂ ಒಂದು ತೊಟ್ಟಿಯಿದೆ. ಅದರಲ್ಲಿರುವುದು ಹೆಪ್ಪಿಗೆಂದು ಇಟ್ಟ ಸ್ಪಂಜುಗಳು ಮತ್ತು ಒಂದು ಬಸವನಹುಳು. ಹೊರಗಿನ ಮೀನು ತಂದು ಬಿಟ್ಟರೆ ಅದರ ರೋಗ ಊರ ಮನೆಗಳಿಗೆಲ್ಲ ಹರಡೀತೆಂಬ ಹೆದರಿಕೆಯಿಂದ ಅವರು ಮೀನು ಸಾಕಿಲ್ಲ. ಕೆಲಸ ಬಿಟ್ಟ ಮೇಲೆ ಒಂದೇ ಒಂದು ಮೀನು ತಂದುಕೊಳ್ಳುವ ಆಸೆ ಮಾತ್ರ ಇದೆ.

ಟೈಲರ್ ಈಗ ಅಳುವ ಹಾಗಾಗಿದ್ದಾರೆ. ಹೊಸ ಹೆಪ್ಪು ಹಾಕಿ ಮತ್ತೆ ಮೊದಲಿಂದ ಕಾಯಬೇಕು. "ಗುಂಡನ್ನ ಇವತ್ತೇ ಬಿಟ್ಟುಬಿಡಿ ಅಕ್ಕ. ಅತ್ತೆ ಎರಡು ತುತ್ತೂ ತಿಂತಿಲ್ಲ."

"ಈ ನೀರಿಗೆ ಬಿಟ್ರೆ ಅತ್ತೆ ಕಣ್ಣೆದುರೇ ಸಾಯ್ತಾನೆ. ಆಮೇಲೆ ತಿಂತಾರಾ?" ಅಕ್ಕ ಜಗ್ಗುವ ಪೈಕಿಯಲ್ಲ. ಚೀಲದಿಂದ ಅಂಗಡಿಯವರು ಮೀನು ಕಟ್ಟಿಕೊಡುವಂಥ ಪ್ಲಾಸ್ಟಿಕ್ ಕವರ್ ತೆಗೆಯುತ್ತಾರೆ. ಅಡುಗೆಮನೆಗೆ ಹೋಗಿ ಗುಂಡನನ್ನು ಬಕೆಟ್ ನೀರಿನ ಸಮೇತ ಅದರಲ್ಲಿ ತುಂಬಿ ತಂದು ಅಜ್ಜಿಯ ಮಡಿಲಲ್ಲಿ ಇಡುತ್ತಾರೆ.

"ನಮ್ಮ ಗುಂಡ ಅಲ್ಲ ಇವನು," ಅಜ್ಜಿ ನೋಡದೆಯೇ ತೀರ್ಪು ಕೊಡುತ್ತಾರೆ. "ಅಂಗಡಿಯಿಂದ ಬೇರೆ ತಂದಿದೀರಿ."

"ಸರಿಯಾಗಿ ನೋಡಿ ಅಮ್ಮ."

ಅಜ್ಜಿ ಕನ್ನಡಕ ಏರಿಸಿ, ಕವರನ್ನು ಎರಡೂ ಕೈಯಲ್ಲಿ ಎತ್ತಿ, ಅತ್ತ ಇತ್ತ ತಿರುಗಿಸುತ್ತಾರೆ. ಮೀನಿನ ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಕಪ್ಪು ಮಚ್ಚೆ ಇದೆ, ಗುಂಡನದೇ ಗುರುತು. "ಎಷ್ಟು ಸೊರಗಿ ಹೋಗಿದ್ದೀಯೋ! ಊಟ ಮಾಡ್ತಾನೇನಮ್ಮಾ ಇವನು?"

"ಸರಿಯಾಗಿಲ್ಲ ಅಮ್ಮ. ನಿಮ್ಮ ಹಾಗೇ."

ಅಜ್ಜಿ ದುರುಗುಟ್ಟಿ ನೋಡುತ್ತಾರೆ. ಗುಂಡ ಬಕೆಟ್ಟಿಗೆ ಮರಳಿದ ಮೇಲೆ ಸೊಸೆಯನ್ನು ಕರೆದು, ಇನ್ನು ಆ ಫಿಲ್ಟರ್ ಮುಟ್ಟಿದರೆ ಕೈ ಮುರಿಯುವುದಾಗಿ ಎಚ್ಚರಿಸುತ್ತಾರೆ. ಅವತ್ತು ಅರ್ಧ ತಟ್ಟೆ ಖಾಲಿಯಾಗುತ್ತದೆ. "ಉಳಿದರ್ಧ ಅವನು ಬಂದ ಮೇಲೆ" ಎಂಬುದು ಅವರ ಕರಾರು. ಮುಂದಿನ ದಿನಗಳಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಖಾಲಿ ನೀರನ್ನು ಕಾಯುತ್ತಾರೆ.

ಮತ್ತೊಂದು ಮುಂಜಾನೆ. ಕೊಳವೆಯ ನೀರು ಹಳದಿಯಾಗಿಯೇ ನಿಲ್ಲುತ್ತದೆ. ಅಕ್ಕ ಗುಂಡನಿರುವ ಕವರನ್ನು ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಕೊನೆಗೆ ಬಟ್ಟಲಿನಂತೆ ಮಾಡಿದ ಅಂಗೈಯಲ್ಲಿ ಗುಂಡನನ್ನು ಎತ್ತಿ ಬಿಡುತ್ತಾರೆ. ಅವನು ಸರಕ್ಕನೆ ಕಲ್ಲಿನ ಹಿಂದೆ ಅಡಗುತ್ತಾನೆ. ಅಜ್ಜಿ ನಾಲ್ಕು ಕಾಳು ಹಾಕಿಸುತ್ತಾರೆ. ಅವನು ಬರುವುದಿಲ್ಲ. ಟೈಲರ್ ತಂದಿಟ್ಟ ತಟ್ಟೆ ಮಂಚದ ಅಂಚಿನಲ್ಲಿ ಆರುತ್ತಿದೆ. ಮುಂದಿನ ಮನೆಯವರ ಫೋನು ಬರುತ್ತಿದ್ದರೂ ಅಕ್ಕ ಎತ್ತುವುದಿಲ್ಲ.

ಕಲ್ಲಿನ ಪಕ್ಕದಿಂದ ಕಿತ್ತಳೆ ಮೂತಿಯೊಂದು ಹೊರಬರುತ್ತದೆ. ಗುಂಡ ಒಂದು ಕಾಳು ನುಂಗಿ, ಉಗುಳಿ, ಮತ್ತೆ ನುಂಗುತ್ತಾನೆ. ಆಮೇಲೆ ಉಳಿದದ್ದನ್ನೂ ಬಿಡುವುದಿಲ್ಲ.

ಅಜ್ಜಿಯ ಕಣ್ಣು ತುಂಬಿ ಬರುತ್ತದೆ. ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಅಕ್ಕ ಗಾಜಿನ ಮೇಲಿದ್ದ ತಮ್ಮ ಕೈಯ ಗುರುತನ್ನು ಸೆರಗಿನಿಂದ ಒರೆಸಿ, ಬಕೆಟ್ಟು ಎತ್ತಿಕೊಂಡು ಹೊರಡುತ್ತಾರೆ. ಮೆಟ್ಟಿಲ ತಿರುವಿನಲ್ಲಿ ಮೇಲಿನಿಂದ ಅಜ್ಜಿಯ ದನಿ ಕೇಳುತ್ತದೆ. "ಇಷ್ಟೇ ಏನೇ ಮಾಡಿರೋದು? ಇನ್ನೊಂಚೂರು ಹಾಕು!"

ತೊಟ್ಟಿಯಕ್ಕ ನಿಂತು, ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತಾ ಅದಕ್ಕೇ ಹೇಳುವಂತೆ ಅನ್ನುತ್ತಾರೆ:

"ಕೇಳಿಸ್ತಾ? ಇಬ್ರೂ ಉಂಡ್ರು."