ಮಲ್ಲಿಗೆ ಕಟ್ಟುವವಳ ಬೆನ್ನು

ಬುಟ್ಟಿಗೆ ಮುಚ್ಚಿದ ಒದ್ದೆ ಬಟ್ಟೆ ಸರಿಸಿದರೆ ಸಾಕು, ಮಲ್ಲಿಗೆಯ ಪರಿಮಳ ಮೂಗಿಗಿಂತ ಮೊದಲು ನನ್ನ ಬೆನ್ನಿಗೆ ತಿಳಿಯುತ್ತದೆ. ನಗಬೇಡಿ. ಕಾಪುವಿನ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬೆಳಗಾದರೆ ನೆಲದಲ್ಲಿ ಕುಳಿತು, ಬಾಳೆನಾರಿನಲ್ಲಿ ಮೊಗ್ಗು ಕಟ್ಟಿದವಳು ನಾನು. ಹೂ ಒಯ್ಯುವವರು ಬರುವುದರೊಳಗೆ ಕಟ್ಟಿ ಮುಗಿಸಬೇಕು. ಕತ್ತೆತ್ತಲು ಯಾರಿಗೆ ಪುರುಸೊತ್ತು?

ಎತ್ತಲು ಆಗುವುದೇ ಇಲ್ಲವೆಂದು ಗೊತ್ತಾದದ್ದು ಕಾರ್ಕಳದಲ್ಲಿ. ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಗೊಮ್ಮಟನ ಬೆಟ್ಟ ಹತ್ತಿಸಿದಳು. "ಅಮ್ಮ, ಮುಖ ನೋಡು, ಎಷ್ಟು ಚಂದ ಉಂಟು!" ಎಂದಳು. ನನಗೆ ಕಂಡದ್ದು ಮೊಣಕಾಲು. ಅದಕ್ಕಿಂತ ಮೇಲೆ ನೋಡಹೋದರೆ ಭುಜಗಳ ನಡುವೆ ಚಳುಕು. ಐವತ್ತು ತುಂಬುವ ಮೊದಲೇ ಗೂನುಬೆನ್ನಿನ ಮುದುಕಿಯಾದೆನಲ್ಲ ಎಂದು ಇಳಿಯುವಾಗ ಅಳುವೇ ಬಂತು. ಆ ಮುಖ ನೋಡಿಯೇ ತೀರುತ್ತೇನೆಂದು ಹಟ ಹಿಡಿದೆ.

ಮಣಿಪಾಲದಲ್ಲಿ ಕೈಯಿಂದಲೇ ಬೆನ್ನೆಲುಬು ಸರಿಮಾಡುವ ಕೈರೋಪ್ರಾಕ್ಟಿಕ್ ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ದಿನವಿಡೀ ಎಂತ ಕೆಲಸ ನಿಮಗೆ?" ಎಂದು ಕೇಳಿದರು.

"ಎಂತದೂ ಇಲ್ಲ, ಮನೆಯಲ್ಲೇ ಇರುವುದು."

ನಮ್ಮಲ್ಲಿ ಯಾವ ಹೆಂಗಸೂ ಹೂ ಕಟ್ಟುವುದನ್ನು ಕೆಲಸವೆಂದು ಹೇಳುವುದಿಲ್ಲ, ನೋಡಿ. ಅವರು ಬೆನ್ನೆಲುಬು ಒತ್ತಿದರೆ ಟಕ್ಕೆಂದು ಸದ್ದಾಗಿ ಮೈ ಹಗುರಾಗುತ್ತಿತ್ತು. ಎರಡೇ ದಿನ, ಮತ್ತೆ ಅದೇ ಗೂನು. ನಾಲ್ಕನೆಯ ಸಲ ಅವರಿಗೆ ನನ್ನ ಬೆರಳಿನ ನಾರಿನ ಕಲೆ ಕಂಡಿತು. ಕೇಳಿದರು, ಹೇಳಿದೆ. ಹೇಗೆ ಕಟ್ಟುತ್ತೀರಿ ತೋರಿಸಿ ಎಂದಾಗ ಅಲ್ಲೇ ನೆಲದಲ್ಲಿ ಕುಳಿತು ಬಗ್ಗಿದೆ.

"ಅಯ್ಯೋ, ನಾನು ನೆಟ್ಟಗೆ ಮಾಡುವುದು, ನೀವು ಮನೆಗೆ ಹೋಗಿ ಮಡಚುವುದು! ಇದು ಕೆಲಸ ಅಲ್ವಾ?"

ಎತ್ತರದ ಮೇಜು, ಒರಗುವ ಕುರ್ಚಿ, ಗೋಡೆಗೆ ಬೆನ್ನು ಕೊಟ್ಟು ಮಾಡುವ ವ್ಯಾಯಾಮ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

"ಕುರ್ಚಿಯಲ್ಲಿ ಕೂತು ಹೂ ಕಟ್ಟುವುದಾ? ಆಫೀಸರ್ ಆದೆಯಾ ಮಾರಾಯ್ತಿ?" ಎಂದು ಅತ್ತೆ ಗೇಲಿ ಮಾಡಿದರು. ಮಾಡಲಿ ಎಂದುಕೊಂಡೆ. ಕುರ್ಚಿಯಲ್ಲೇ ಕೂತು ಕಟ್ಟಿದೆ, ವ್ಯಾಯಾಮವನ್ನೂ ತಿಂಗಳುಗಟ್ಟಲೆ ಬಿಡದೆ ಮಾಡಿದೆ.

ಕಳೆದ ಭಾನುವಾರ ಮತ್ತೆ ಬೆಟ್ಟ ಹತ್ತಿದೆ. ಮೊಣಕಾಲು, ಸೊಂಟ, ಬಳ್ಳಿ ಸುತ್ತಿದ ತೋಳು ಎಲ್ಲ ದಾಟಿ ಮುಖದವರೆಗೆ ಬಂದೆ. ಚಳುಕು ಬರಲೇ ಇಲ್ಲ. "ಕಂಡಿತು!" ಎಂದು ನಾನು ಕೂಗಿದ್ದಕ್ಕೆ ಪ್ರವಾಸಿಗರೆಲ್ಲ ತಿರುಗಿ ನೋಡಿದರು. ನನಗೇನು ನಾಚಿಕೆ? ಗೆದ್ದಿದ್ದೆ.

ಇವತ್ತು ಬುಟ್ಟಿ ಮೇಜಿನ ಮೇಲಿದೆ. ಎದುರಿಗೆ ಇನ್ನೊಂದು ಕುರ್ಚಿ ಬಂದಿದೆ, ಅದರಲ್ಲಿ ಅತ್ತೆ. ಹಾಸ್ಟೆಲಿನಿಂದ ಮಗಳ ಫೋನು, ಸ್ಪೀಕರಿನಲ್ಲಿ: "ಅಮ್ಮ, ಫಾರಂ ತುಂಬಿಸುತ್ತಿದ್ದೇನೆ. ತಾಯಿಯ ಉದ್ಯೋಗ ಏನೂ ಇಲ್ಲ ಅಂತ ಹಾಕಲಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನೆಟ್ಟಗೆ ಕುಳಿತು ಹೇಳಿದರು: "ಮಲ್ಲಿಗೆ ಕಟ್ಟುವುದು ಅಂತ ಹಾಕು."